ನೀರು ಬಿಟ್ಟು ಮೇಲೆದ್ದ ದೋಣಿ



ಜನವರಿಯ ಒಂದು ಭಾನುವಾರ ಬೊರಿವಲಿಯ ಗೋರಾಯಿ ಜೆಟ್ಟಿಯಲ್ಲಿ ಬೆಳಗಿನ ಫೆರಿ ಹತ್ತಿ ಖಾಡಿ ದಾಟಿದೆ. ಆಚೆ ದಡದಲ್ಲಿ ರಿಕ್ಷಾ ಹಿಡಿದು, ಬೊಂಬಿಲ್ ಮೀನು ಒಣಗಿಸುವ ಬಿದಿರಿನ ಚಪ್ಪರಗಳನ್ನು ದಾಟಿ ಹೋದರೆ ಕಡಲು. ಬಿಸಿಲು ಇನ್ನೂ ಬಲಿತಿರಲಿಲ್ಲ. ಬೆನ್ನ ಹಿಂದಿನಿಂದ, ನಮ್ಮ ನ್ಯಾಷನಲ್ ಪಾರ್ಕಿನ ಗುಡ್ಡಗಳ ಕಡೆಯಿಂದ, ತಣ್ಣನೆಯ ಮೂಡುಗಾಳಿ ಬೀಸುತ್ತಿತ್ತು. ಮರಳಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಪಡುವಣಕ್ಕೆ ನೋಡಿದೆ. ದೂರದಲ್ಲಿ ಮೀನಿನ ದೋಣಿಯೊಂದು ನೀರು ಬಿಟ್ಟು ಮೇಲೆದ್ದು ನಿಂತಿತ್ತು. ದೋಣಿಯ ಅಡಿಗೂ ಕಡಲಿನ ಗೆರೆಗೂ ನಡುವೆ ಬೆಳ್ಳಗಿನ ಒಂದು ಪಟ್ಟಿ. ನೂಲಿನಷ್ಟು ತೆಳ್ಳಗೆ, ಆದರೆ ಎದ್ದು ಕಾಣುವಂತೆ. ಎದ್ದು ನಿಂತು ನೋಡಿದೆ, ಪಟ್ಟಿ ಕಿರಿದಾಯಿತು. ಮತ್ತೆ ಕೂತೆ, ದೋಣಿ ಮತ್ತೆ ಮೇಲೆದ್ದಿತು.

ಈ ನೋಟವನ್ನು ನಾನು ಮೊದಲು ಕಂಡದ್ದು ಗಂಗೊಳ್ಳಿಯ ದಡದಲ್ಲಿ, ಏಳೆಂಟು ವರ್ಷದವನಿದ್ದಾಗ. ಚಳಿಗಾಲದ ಬೆಳಿಗ್ಗೆ ಅಪ್ಪಯ್ಯನ ಪಕ್ಕ ನಿಂತು ಕೇಳಿದ್ದೆ: "ಅಪ್ಪಯ್ಯ, ಆ ದೋಣಿ ಎಂತಕ್ ಹಾರ್ತಿತ್ತ್?" ಅಪ್ಪಯ್ಯ ಬಲೆ ಬಿಡಿಸುತ್ತಿದ್ದವರು ತಲೆ ಎತ್ತಿ ನೋಡಿ, "ದೋಣಿ ನೀರಂಗೇ ಇತ್ತ್ ಮಗಾ. ನೀ ಕಾಂಬುದ್ ಗಾಳಿ ಮೇಲ್" ಎಂದರು. ಮುಂದೆ ಮುಂಬೈಗೆ ಬಂದು, ಶಾಲೆಯಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದೆ. ಬೆಳಕಿನ ಪಾಠ ಬಂದಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು. ಪುಸ್ತಕದ ಎರಡು ಪುಟಗಳಲ್ಲಿ ಇರುವುದೂ ಅದೇ.

ಗಾಳಿಯಲ್ಲಿ ಬೆಳಕು ನೆಟ್ಟಗೆ ಹೋಗುತ್ತದೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಗಾಳಿ ಎಲ್ಲ ಕಡೆ ಒಂದೇ ಹದದಲ್ಲಿದ್ದರೆ ಅದು ನಿಜ. ತಂಪು ಗಾಳಿ ದಟ್ಟ, ಬಿಸಿ ಗಾಳಿ ವಿರಳ. ದಟ್ಟ ಗಾಳಿಯಲ್ಲಿ ಬೆಳಕು ಕೂದಲೆಳೆಯಷ್ಟು ನಿಧಾನ. ಎಷ್ಟು ನಿಧಾನ ಎಂದರೆ, ಒಂದು ಡಿಗ್ರಿ ಉಷ್ಣತೆ ಏರಿಳಿದರೆ ಬೆಳಕಿನ ವೇಗದಲ್ಲಿ ಆಗುವ ವ್ಯತ್ಯಾಸ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ಅಲ್ಪವಾದದ್ದು ದೋಣಿಯನ್ನು ಎತ್ತಿ ಹಿಡಿಯುವುದು ಹೇಗೆ?

ಗೋರಾಯಿಯ ಆ ಚಪ್ಪರದಿಂದ ಒಂದು ಉದ್ದ ಬಿದಿರು ತಂದು ಹತ್ತು ಜನ ಹುಡುಗರು ಅಡ್ಡಲಾಗಿ ಹಿಡಿದು, ಸಾಲಾಗಿ, ದಡದ ಗುಂಟ ನಡೆಯುತ್ತಾರೆ ಎಂದುಕೊಳ್ಳಿ. ಕಡಲ ಬದಿಯವರ ಕಾಲಡಿ ಅಲೆ ತೊಯ್ದ ಗಟ್ಟಿ ಮರಳು. ಈಚೆ ಬದಿಯವರ ಕಾಲು ಒಣ ಮರಳಲ್ಲಿ ಹೂತುಹೋಗುತ್ತದೆ. ಗಟ್ಟಿ ಮರಳಿನವರು ಮುಂದಾಗುತ್ತಾರೆ, ಒಣ ಮರಳಿನವರು ಹಿಂದುಳಿಯುತ್ತಾರೆ. ಯಾರೂ ತಿರುಗಬೇಕೆಂದು ತಿರುಗಲಿಲ್ಲ, ಆದರೂ ಇಡೀ ಸಾಲು ಒಣ ಮರಳಿನ ಕಡೆಗೆ ವಾಲುತ್ತದೆ. ಬೆಳಕಿನ ಅಲೆಯ ಸಾಲಿಗೂ ಆಗುವುದು ಇದೇ. ನಿಧಾನದ ಕಡೆಗೆ, ಅಂದರೆ ತಂಪಿನ ಕಡೆಗೆ, ಅದು ಬಾಗುತ್ತದೆ. ಹತ್ತು ಹೆಜ್ಜೆಯಲ್ಲಿ ಈ ಬಾಗು ಗೊತ್ತೇ ಆಗುವುದಿಲ್ಲ. ಹತ್ತು ಕಿಲೋಮೀಟರ್ ನಡೆದು ಬಂದ ಬೆಳಕಿನಲ್ಲಿ ಗೊತ್ತಾಗುತ್ತದೆ. ಅದಕ್ಕೇ ಈ ಆಟಕ್ಕೆ ಕಡಲಿನಂಥ ಬಯಲು ಬೇಕು.

ನಮ್ಮ ಕಣ್ಣಿಗೆ ಈ ಬಾಗು ತಿಳಿಯದು. ಬೆಳಕು ಕೊನೆಯ ಗಳಿಗೆಯಲ್ಲಿ ಯಾವ ದಿಕ್ಕಿನಿಂದ ಕಣ್ಣಿಗೆ ಹೊಕ್ಕಿತೋ ವಸ್ತು ಆ ದಿಕ್ಕಿನಲ್ಲೇ ಇದೆ ಎಂದು ಅದು ನಂಬುತ್ತದೆ.

ಈಗ ಗೋರಾಯಿಯ ಬೆಳಿಗ್ಗೆಗೆ ಬನ್ನಿ. ಜನವರಿಯಲ್ಲಿ ಮುಂಬೈಯ ಕಡಲ ನೀರು ಸುಮಾರು 25 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಕಾಡಿನ ಕಡೆಯಿಂದ ರಾತ್ರಿಯಿಡೀ ತಣಿದು ಬಂದ ನೆಲಗಾಳಿ ಅದಕ್ಕಿಂತ ಎಷ್ಟೋ ತಂಪು. ಮರಾಠಿಯಲ್ಲಿ ಈ ಗಾಳಿಗೆ ಮತಲಯಿ ಎಂಬ ಚಂದದ ಹೆಸರಿದೆ. ಹಗಲಿನ ಕಡಲಗಾಳಿಗೆ ಖಾರೆ ವಾರೆ, ಉಪ್ಪುಗಾಳಿ. ಮತಲಯಿ ನೀರಿನ ಮೇಲೆ ಹರಿದಾಗ, ನೀರಿಗೆ ತಾಗಿದ ಗಾಳಿಯ ತೆಳು ಪದರ ಬೆಚ್ಚಗಾಗುತ್ತದೆ. ಅದರ ಮೇಲೆ ತಂಪು ಪದರ. ದೋಣಿಯಾಚೆಯ ಆಕಾಶದಿಂದ ಕೆಳಮುಖವಾಗಿ ಹೊರಟ ಬೆಳಕು ನೀರನ್ನು ಮುಟ್ಟುವ ಮೊದಲೇ ತಂಪಿನ ಕಡೆಗೆ, ಅಂದರೆ ಮೇಲಕ್ಕೆ, ಬಾಗಿ ಕಣ್ಣಿಗೆ ಬರುತ್ತದೆ. ಕೆಳಗಿನಿಂದ ಬಂದ ಬೆಳಕಾದ್ದರಿಂದ ಆಕಾಶ ದೋಣಿಯ ಕೆಳಗೆ ಕಾಣುತ್ತದೆ. ದೋಣಿಯ ತೀರ ಕೆಳಭಾಗದಿಂದ ಹೊರಟ ಬೆಳಕು ನಮ್ಮ ಕಣ್ಣನ್ನು ತಲುಪುವುದೇ ಇಲ್ಲ. ಅದರ ಜಾಗದಲ್ಲಿ ದೋಣಿಯ ಮೇಲುಭಾಗದ್ದೇ ತಲೆಕೆಳಗಾದ ಚೂರೊಂದು, ಅದರಡಿ ಆಕಾಶದ ಪಟ್ಟಿ. ದೋಣಿ ತೇಲುತ್ತದೆ.

ಮೇ ತಿಂಗಳ ಮಧ್ಯಾಹ್ನ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ದಹಿಸರ್ ಕಡೆಗೆ ಹೋಗುವಾಗ ಡಾಂಬರಿನ ಮೇಲೆ ನೀರು ನಿಂತಂತೆ ಕಾಣುವುದು ಇದರದೇ ಅಣ್ಣತಮ್ಮ. ಅಲ್ಲಿ ಬಿಸಿ ಕೊಡುವುದು ಡಾಂಬರು, ಇಲ್ಲಿ ಕಡಲು. ಬಿಸಿಲ್ಗುದುರೆಗೆ ಬಿಸಿಲೇ ಬೇಕೆಂದಿಲ್ಲ, ಚಳಿಗಾಲದ ನಸುಕಿನಲ್ಲೂ ಅದು ಓಡುತ್ತದೆ ಎಂಬುದು ನನಗೆ ತಡವಾಗಿ ಹೊಳೆದ ಸಂಗತಿ. ಮೇಲೆ ಕೆಳಗೆ ಉಷ್ಣತೆಯಲ್ಲಿ ವ್ಯತ್ಯಾಸವಿದ್ದರೆ ಸಾಕು.

ಬಿಸಿಲ್ಗುದುರೆ ಎಂಬ ಮಾತಿನ ಬಗ್ಗೆ ಒಂದು ಕ್ಷಣ ನಿಲ್ಲುತ್ತೇನೆ. ಸಂಸ್ಕೃತದವರು ಮೃಗತೃಷ್ಣೆ ಎಂದರು, ಜಿಂಕೆಯ ಬಾಯಾರಿಕೆ. ಅದರಲ್ಲಿ ಮೋಸಹೋದ ಪ್ರಾಣಿಯ ಸಂಕಟವಿದೆ. ಕನ್ನಡದವರು ಬಿಸಿಲಿನ ಕುದುರೆ ಎಂದರು. ದೂರದಲ್ಲಿ ಕುಣಿಯುತ್ತ, ಹತ್ತಿರ ಹೋದಷ್ಟೂ ಓಡುತ್ತ ಹೋಗುವ ಆ ಹೊಳಪನ್ನು ಕಣ್ಣಾರೆ ನೋಡಿದವರಷ್ಟೇ ಕಟ್ಟಬಲ್ಲ ಪದ ಇದು. ನಮ್ಮ ವೇದಾಂತಿಗಳು ಜಗತ್ತು ತೋರಿಕೆ ಎನ್ನಲು ಮರೀಚಿಕೆಯ ಉದಾಹರಣೆ ಕೊಟ್ಟರು. ಕೊಡಲಿ, ಅದು ಅವರ ಕೆಲಸಕ್ಕೆ ಸರಿ. ಆದರೆ ಅದರಿಂದಾಗಿ ಬಿಸಿಲ್ಗುದುರೆ ಎಂದರೆ ಸುಳ್ಳು, ಇಲ್ಲದ್ದು, ಮನಸ್ಸಿನ ಭ್ರಮೆ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿತು. ಭ್ರಮೆಯಾಗಿದ್ದರೆ ಕ್ಯಾಮೆರಾಕ್ಕೆ ಸಿಗುತ್ತಿರಲಿಲ್ಲ. ಸಿಗುತ್ತದೆ, ನಾನೇ ತೆಗೆದಿದ್ದೇನೆ. ದೋಣಿ ನಿಜ, ಬೆಳಕು ನಿಜ, ಆ ಬೆಳಕು ಬಂದ ದಾರಿಯೂ ನಿಜ. ದಾರಿ ನೆಟ್ಟಗಿತ್ತು ಎಂದು ನಾವು ಅಂದುಕೊಂಡದ್ದಷ್ಟೇ ತಪ್ಪು.

ಇನ್ನೊಂದು ಹೆಸರೂ ನಮ್ಮಲ್ಲಿದೆ, ಗಂಧರ್ವನಗರ. ಆಕಾಶದಲ್ಲಿ ತೋರುವ ಕೋಟೆ, ಕೊತ್ತಲ, ಗೋಪುರಗಳ ಊರು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಯಾವ ದಿಕ್ಕಿನಲ್ಲಿ, ಯಾವ ಬಣ್ಣದಲ್ಲಿ ಕಂಡರೆ ಯಾರಿಗೆ ಯಾವ ಫಲ ಎಂದು ಅವನು ಶಕುನ ಹೇಳುತ್ತಾನೆ. ಶಕುನವನ್ನು ನಾನು ಒಪ್ಪುವುದಿಲ್ಲ. ಆದರೆ ದಿಕ್ಕನ್ನೂ ಬಣ್ಣವನ್ನೂ ಗುರುತು ಹಾಕಿಕೊಂಡ ಜನರ ಕಣ್ಣಿನ ಬಗ್ಗೆ ನನಗೆ ಗೌರವವಿದೆ. ಇಟಲಿಯ ಮೆಸಿನಾ ಜಲಸಂಧಿಯಲ್ಲಿ ಇಂಥ ನೋಟ ಕಂಡವರು ಅದನ್ನು ಮೋರ್ಗಾನಾ ಎಂಬ ಮಾಯಗಾತಿಯ ಕೈವಾಡ ಎಂದುಕೊಂಡರು. ಇಂದಿಗೂ ವಿಜ್ಞಾನದಲ್ಲಿ ಅದರ ಹೆಸರು ಫಾಟಾ ಮೋರ್ಗಾನಾ.

ಊರು ಆಕಾಶಕ್ಕೇರಲು ಪದರಗಳು ತಿರುವುಮುರುವಾಗಬೇಕು: ಕೆಳಗೆ ತಂಪು, ಮೇಲೆ ಬಿಸಿ. ಆಗ ಮೇಲ್ಮುಖವಾಗಿ ಹೊರಟ ಬೆಳಕು ತಂಪಿನ ಕಡೆಗೆ, ಕೆಳಕ್ಕೆ, ಬಾಗಿ ಬರುತ್ತದೆ. ವಸ್ತು ಇದ್ದ ಜಾಗಕ್ಕಿಂತ ಎತ್ತರದಲ್ಲಿ ಕಾಣುತ್ತದೆ. 1798ರ ಬೇಸಿಗೆಯಲ್ಲಿ ಇಂಗ್ಲೆಂಡಿನ ರಾಮ್ಸ್‌ಗೇಟ್ ದಡದಿಂದ ದುರ್ಬೀನಿನಲ್ಲಿ ನೋಡುತ್ತಿದ್ದ ಸ್ಯಾಮ್ಯುಯೆಲ್ ವಿನ್ಸ್ ಎಂಬ ವಿದ್ವಾಂಸನಿಗೆ, ಕಡಲಂಚಿನಲ್ಲಿ ಪಟದ ತುದಿಯಷ್ಟೇ ಕಾಣುತ್ತಿದ್ದ ಹಡಗಿನ ಮೇಲೆ ಅದೇ ಹಡಗು ತಲೆಕೆಳಗಾಗಿ, ಅದರ ಮೇಲೆ ಮತ್ತೊಮ್ಮೆ ನೆಟ್ಟಗೆ ನಿಂತದ್ದು ಕಂಡಿತು. 1822ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ಕಡಲಲ್ಲಿದ್ದ ವಿಲಿಯಂ ಸ್ಕೋರ್ಸ್‌ಬಿ ಎಂಬ ನಾವಿಕ ಆಕಾಶದಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಹಡಗನ್ನು ನೋಡಿ, ಅದು ತನ್ನ ತಂದೆಯ ಹಡಗು 'ಫೇಮ್' ಎಂದು ಗುರುತಿಸಿದ. ಹಡಗು ಆಗ ಕಡಲಂಚಿನ ಎಷ್ಟೋ ಆಚೆ ಇತ್ತು. ನೇರ ನೋಟಕ್ಕೆ ಸಿಗದ ತಂದೆಯ ಹಡಗನ್ನು ಗಾಳಿ ಮಗನಿಗೆ ಎತ್ತಿ ತೋರಿಸಿತು. ಈ ಪ್ರಸಂಗ ಓದಿದಾಗಲೆಲ್ಲ ನನಗೆ ಗಂಗೊಳ್ಳಿಯ ದಡ ನೆನಪಾಗುತ್ತದೆ.

ನಮ್ಮಲ್ಲಿ ಹಾಗಾಗುತ್ತದೆಯೇ? ಮುಂಬೈ ಕಡಲು ಬೆಚ್ಚನೆಯದು. ಗ್ರೀನ್‌ಲ್ಯಾಂಡಿನಂಥ ತಣ್ಣನೆಯ ಹಾಸು ಇಲ್ಲಿ ಇಲ್ಲ. ಆದರೂ ಮಾರ್ಚ್ ತಿಂಗಳಿದೆ. ಆ ತಿಂಗಳ ಕೆಲವು ದಿನ ಮೂಡಣದ ಒಣಗಾಳಿ ಜಗ್ಗದೆ ನಿಂತುಬಿಡುತ್ತದೆ, ಪಡುಗಾಳಿ ಮಧ್ಯಾಹ್ನ ಕಳೆದರೂ ಒಳಬರುವುದಿಲ್ಲ. 1956ರ ಮಾರ್ಚ್ 28ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 41.7 ಡಿಗ್ರಿ ದಾಖಲಾಯಿತು. ಕಡಲ ನೀರು ಆ ತಿಂಗಳಲ್ಲಿ ಸುಮಾರು 27 ಡಿಗ್ರಿ. ಕಾದ ನೆಲಗಾಳಿ ಅದರ ಮೇಲೆ ಹರಿದರೆ ನೀರಿಗೆ ತಾಗಿದ ಪದರ ತಣಿಯುತ್ತದೆ, ಮೇಲಿನದು ಬಿಸಿಯಾಗಿಯೇ ಉಳಿಯುತ್ತದೆ. ಎತ್ತರಕ್ಕೆ ಏರಿದಂತೆ ನೂರು ಮೀಟರಿಗೆ ಸುಮಾರು 11 ಡಿಗ್ರಿಯಂತೆ ಬಿಸಿ ಹೆಚ್ಚುತ್ತ ಹೋದರೆ, ಬೆಳಕಿನ ಬಾಗು ಭೂಮಿಯ ಬಾಗಿಗೆ ಸರಿಸಮವಾಗುತ್ತದೆ. ಆ ಪದರದೊಳಗಿನ ಬೆಳಕಿಗೆ ಭೂಮಿ ಚಪ್ಪಟೆಯಾದಂತೆ. ಕಡಲಂಚಿನಾಚೆ ಇಳಿದುಹೋದ ಹಡಗು ಮತ್ತೆ ಮೇಲೇರಿ ಕಾಣುತ್ತದೆ. ಅದಕ್ಕಿಂತಲೂ ಬಿಸಿ ಬೇಗ ಏರಿದರೆ ಹಡಗಿನ ಮೇಲೊಂದು ಹಡಗು. ಗೋರಾಯಿಯಲ್ಲಿ ನಾನು ಇದನ್ನು ಕಂಡದ್ದು ಎರಡೇ ಸಲ, ಅದೂ ಮಬ್ಬಿನಲ್ಲಿ. ಪಡುವಣದ ಗೆರೆಯ ಮೇಲೆ ಒಂದು ಸರಕಿನ ಹಡಗು ಕಟ್ಟಡದಷ್ಟು ಎತ್ತರವಾಗಿ, ಇಟ್ಟಿಗೆ ಪೇರಿಸಿದಂತೆ ನಿಂತಿತ್ತು. ಪಡುಗಾಳಿ ಬೀಸತೊಡಗಿದ ಕೆಲವೇ ನಿಮಿಷಗಳಲ್ಲಿ ಕುಸಿದು ಸಾದಾ ಹಡಗಾಯಿತು.

ಬೆಳಕಿನ ಈ ಬಾಗು ಸೂರ್ಯನನ್ನೂ ಬಿಡುವುದಿಲ್ಲ. 1597ರ ಜನವರಿ 24ರಂದು ನೊವಾಯಾ ಝೆಮ್ಲ್ಯಾ ದ್ವೀಪದ ಹಿಮದಲ್ಲಿ ಸಿಕ್ಕಿಬಿದ್ದಿದ್ದ ಬಾರೆಂಟ್ಸ್ ಎಂಬ ಅನ್ವೇಷಕನ ತಂಡದ ಡಚ್ ನಾವಿಕರಿಗೆ, ಧ್ರುವದ ದೀರ್ಘ ರಾತ್ರಿ ಮುಗಿಯಲು ಇನ್ನೂ ಎರಡು ವಾರ ಇರುವಾಗಲೇ ಸೂರ್ಯನ ಅಂಚು ಕಂಡಿತು. ಊರಿಗೆ ಮರಳಿ ಹೇಳಿದರೆ ನಂಬುವವರು ಕಡಿಮೆ. ಅವರು ಕಂಡದ್ದು ತಂಪು ಪದರದೊಳಗೆ ಬಾಗಿ ಬಾಗಿ ನೂರಾರು ಕಿಲೋಮೀಟರ್ ಸಾಗಿ ಬಂದ ಬೆಳಕು.

ಅಷ್ಟು ದೂರ ಹೋಗುವುದೇ ಬೇಡ. ಮಳೆಗಾಲ ಮುಗಿದ ಮೇಲೆ, ಧೂಳಿಲ್ಲದ ಒಂದು ಸಂಜೆ ಗೋರಾಯಿಯಲ್ಲೋ ಮನೋರಿಯಲ್ಲೋ ನಿಂತು ಸೂರ್ಯ ಮುಳುಗುವುದನ್ನು ನೋಡಿ. ಬಿಂಬ ಕಂದಿ ಕೆಂಪಾಗಿ, ಕಣ್ಣಿಗೆ ಹಿತವಾದ ಮೇಲಷ್ಟೇ ನೋಡಬೇಕು. ಬಿಂಬದ ಕೆಳಅಂಚು ನೀರಿಗೆ ತಾಗುವ ಹೊತ್ತಿಗೆ ನಿಜವಾದ ಸೂರ್ಯ ಪೂರ್ತಿ ಮುಳುಗಿಯಾಗಿರುತ್ತಾನೆ. ಕಡಲಂಚಿನಲ್ಲಿ ಗಾಳಿ ಬೆಳಕನ್ನು ಸುಮಾರು ಅರ್ಧ ಡಿಗ್ರಿ ಎತ್ತುತ್ತದೆ, ಸೂರ್ಯನ ಬಿಂಬದ ಅಗಲವೂ ಸುಮಾರು ಅರ್ಧ ಡಿಗ್ರಿಯೇ. ಇದು ಪ್ರತಿ ಸಂಜೆಯ ಕಥೆ. ನೀರು ಗಾಳಿಗಿಂತ ಬೆಚ್ಚಗಿರುವ ಸಂಜೆ ಇನ್ನೊಂದು ಚೋದ್ಯ ಜೊತೆಗೂಡುತ್ತದೆ. ಇಳಿಯುವ ಸೂರ್ಯನನ್ನು ಎದುರುಗೊಳ್ಳಲು ನೀರಿನೊಳಗಿಂದ ಇನ್ನೊಂದು ಕೆಂಪು ಚೂರು ಮೇಲೇಳುತ್ತದೆ. ಎರಡೂ ಮುಟ್ಟಿಕೊಂಡಾಗ ನಡುವೆ ಕಂಠ ಮೂಡಿ, ಸೂರ್ಯ ಬೋರಲು ಹಾಕಿದ ತಾಮ್ರದ ಚೊಂಬಿನಂತೆ ಕಾಣುತ್ತಾನೆ. ನೂರಾರು ಜನ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಮನೆಗೆ ಹೋಗುತ್ತಾರೆ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಅವರ ಕೈಯಲ್ಲೇ ಒಂದು ಬಿಸಿಲ್ಗುದುರೆ ಇರುತ್ತದೆ.

ಮರೀಚಿಕೆಗೆ ಮೊದಲು ಸಮಂಜಸ ವಿವರಣೆ ಬರೆದವರಲ್ಲಿ ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೊಂಜ್ ಒಬ್ಬ. 1798ರಲ್ಲಿ ನೆಪೋಲಿಯನ್ನನ ಸೈನ್ಯದ ಜೊತೆ ಈಜಿಪ್ಟಿಗೆ ಹೋದಾಗ, ಬಾಯಾರಿದ ಸೈನಿಕರು ಇಲ್ಲದ ಕೆರೆಗಳತ್ತ ಹಾತೊರೆಯುವುದನ್ನು ನೋಡಿ ಅವನು ಬರೆದ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇದರ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನದು. 1959ರಲ್ಲಿ ಸರ್ ಸಿ.ವಿ. ರಾಮನ್ ಮತ್ತು ಎಸ್. ಪಂಚರತ್ನಂ ಕೂಡಿ ಮರೀಚಿಕೆಗಳ ದೃಗ್ವಿಜ್ಞಾನದ ಬಗ್ಗೆ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ರಾಮನ್ ಅವರಿಗೆ ಆಗ ಎಪ್ಪತ್ತು ವರ್ಷ, ಅವರ ಸೋದರಿಯ ಮಗ ಪಂಚರತ್ನಂಗೆ ಇಪ್ಪತ್ತೈದು. ಅವರ ಆಕ್ಷೇಪ ಸರಳವಾದದ್ದು, ಆಳವಾದದ್ದು. ಬೆಳಕನ್ನು ಗೆರೆ ಎಂದುಕೊಂಡು ಲೆಕ್ಕ ಹಾಕಿದರೆ, ಗೆರೆ ಬಾಗಿ ಹಿಂತಿರುಗುವ ತಿರುವಿನಲ್ಲಿ ಲೆಕ್ಕ ಸೋಲುತ್ತದೆ. ಅಲ್ಲಿ ಬೆಳಕನ್ನು ಅಲೆ ಎಂದೇ ನೋಡಬೇಕು. ಆಗ ಆ ತಿರುವಿನಲ್ಲಿ ಬೆಳಕು ಕತ್ತಲುಗಳ ಪಟ್ಟೆಗಳು ಮೂಡುವುದು ತಿಳಿಯುತ್ತದೆ. ನೊಬೆಲ್ ಬಂದು ಸುಮಾರು ಮೂರು ದಶಕ ಕಳೆದ ಮೇಲೂ ರಸ್ತೆಯ ಮೇಲಿನ ಹೊಳಪಿನ ಬಗ್ಗೆ ಕೇಳಿಕೊಳ್ಳಲು ಪ್ರಶ್ನೆ ಉಳಿಸಿಕೊಂಡಿದ್ದ ಆ ಹಿರಿಯರನ್ನು ನೆನೆದರೆ ನನಗೆ ಮನಸ್ಸು ತುಂಬುತ್ತದೆ. ಪಂಚರತ್ನಂ ಮುಂದೆ ಕೆಲವು ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡಿದರು, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದರು, 1969ರಲ್ಲಿ ಮೂವತ್ತೈದರ ಹರೆಯದಲ್ಲೇ ತೀರಿಕೊಂಡರು.

ಬಾನುಲಿಯಲ್ಲಿ ಕೂತು ಮಾತಾಡುವಾಗ ಬಾನುಲಿಯನ್ನೇ ಮರೆಯಬಾರದು. ಬೆಳಕೂ ರೇಡಿಯೋ ಅಲೆಯೂ ಒಂದೇ ಮನೆಯವು, ಅಲೆಯ ಉದ್ದ ಮಾತ್ರ ಬೇರೆ. ಗಾಳಿಯ ಪದರ ಬೆಳಕನ್ನು ಬಾಗಿಸಿದಂತೆ ರೇಡಿಯೋ ಅಲೆಯನ್ನೂ ಬಾಗಿಸುತ್ತದೆ. ರೇಡಿಯೋ ಅಲೆಯ ಮೇಲೆ ತೇವಾಂಶದ ಪ್ರಭಾವವೂ ದೊಡ್ಡದು: ಕೆಳಗೆ ತೇವ ತುಂಬಿದ ಕಡಲಗಾಳಿ, ಮೇಲೆ ಮರುಭೂಮಿಯ ಒಣ ಬಿಸಿಗಾಳಿ ಇದ್ದರೆ ಅಲೆ ಆ ನಡುವಿನ ಓಣಿಯಲ್ಲಿ ಸಿಕ್ಕಿಕೊಂಡು ಭೂಮಿಯ ಬಾಗನ್ನೇ ಅನುಸರಿಸಿ ಸಾಗುತ್ತದೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಅರಬ್ಬಿ ಕಡಲಿನ ಮೇಲೆ ಇಂಥ ಓಣಿ ಕಟ್ಟುತ್ತದೆ.

ಇದಕ್ಕೆ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಸಿಗುವ ಪ್ರಸಿದ್ಧ ಸಾಕ್ಷಿ ನಮ್ಮ ಮುಂಬೈಯದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಒಂದೂವರೆ ಮೀಟರ್ ಅಲೆಯ ರಾಡಾರ್ ಒಂದಿತ್ತು. ಸಾಮಾನ್ಯ ದಿನಗಳಲ್ಲಿ ಕಡಲಂಚಿನಾಚೆಯ ಹಡಗು ಅದಕ್ಕೆ ಸಿಗುವುದೇ ಕಷ್ಟ. ಬಿರುಬೇಸಿಗೆಯಲ್ಲಿ ಅದೇ ರಾಡಾರಿಗೆ ಸಾವಿರ ಮೈಲಿಗೂ ಆಚೆಯ ಅರೇಬಿಯಾದ ನೆಲದ ಪ್ರತಿಧ್ವನಿ ಬಂದು ತಾಗಿತು. ವಿನ್ಸ್ ಕಂಡ ಹಡಗು, ಸ್ಕೋರ್ಸ್‌ಬಿಯ ತಂದೆಯ ಹಡಗು, ಆ ರಾಡಾರಿನ ಅರೇಬಿಯಾ, ಮೂರನ್ನೂ ತಂದುಕೊಟ್ಟದ್ದು ತಂಪಿನ ಮೇಲೆ ಹರಡಿದ ಬಿಸಿಗಾಳಿ.

ಎಂಬತ್ತರ ದಶಕದಲ್ಲಿ ಬೊರಿವಲಿಯ ನಮ್ಮ ಚಾಳಿನ ಮಾಡಿನ ಮೇಲೆ ಆಂಟೆನಾ ಕಾಡೇ ಬೆಳೆದಿತ್ತು. ಏಪ್ರಿಲ್, ಮೇ ತಿಂಗಳ ಕೆಲವು ರಾತ್ರಿ ಬೂಸ್ಟರ್ ಹಾಕಿದ ಆಂಟೆನಾವನ್ನು ವಾಯವ್ಯಕ್ಕೆ ತಿರುಗಿಸಿದರೆ ಕರಾಚಿಯ ಟೀವಿ ಬರುತ್ತಿತ್ತು. ಒಮ್ಮೆ ಹಿಮ ಸುರಿದಂತೆ, ಒಮ್ಮೆ ಗಾಜಿನಷ್ಟು ನಿಚ್ಚಳ. ಕೆಳಗಿನಿಂದ ಹೆಂಗಸರು "ಬಂತು, ಬಂತು, ಅಲ್ಲೇ ಹಿಡೀರಿ" ಎಂದು ಕೂಗುತ್ತಿದ್ದರು. ಅವರ ನಾಟಕಗಳನ್ನು ಭಾಷೆ ಅರ್ಧಂಬರ್ಧ ತಿಳಿದರೂ ಕೂತು ನೋಡುತ್ತಿದ್ದೆವು. ನಡುವಿನ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವನ್ನು ಆ ಚಿತ್ರ ದಾಟುತ್ತಿದ್ದದ್ದು ಇದೇ ಓಣಿಯಲ್ಲಿ. ಮಳೆ ಬಂದ ಮೇಲೆ ಓಣಿ ಕಲಕಿ ಹೋಗುತ್ತಿತ್ತು, ಕರಾಚಿಯೂ.

ಒಂದು ತಿದ್ದುಪಡಿ ಹೇಳಿಬಿಡಬೇಕು. ರಾತ್ರಿ ಹೊತ್ತು ಮುಂಬೈಯಲ್ಲಿ ಟ್ರಾನ್ಸಿಸ್ಟರಿಗೆ ಕಿವಿಯಾನಿಸಿ ನಾವು ಧಾರವಾಡ ಆಕಾಶವಾಣಿ ಕೇಳುತ್ತಿದ್ದೆವಲ್ಲ, ಅದಕ್ಕೆ ಕಾರಣ ಈ ಪದರವಲ್ಲ. ಆ ಮಧ್ಯಮ ತರಂಗಗಳು ನೂರಾರು ಕಿಲೋಮೀಟರ್‌ವರೆಗಿನ ಎತ್ತರದಲ್ಲಿರುವ, ವಿದ್ಯುತ್ ಕಣಗಳ ಅಯಾನುಗೋಲಕ್ಕೆ ತಾಗಿ ಮರಳಿ ಬರುತ್ತವೆ. ನಾನು ಹೇಳುತ್ತಿರುವ ಪದರಗಳು ನಮ್ಮ ಸುತ್ತಲೇ ಇವೆ, ಕೆಲವು ಮೊಣಕಾಲಿನ ಎತ್ತರಕ್ಕೆ, ಕೆಲವು ತೆಂಗಿನ ಮರಗಳ ಮೇಲಕ್ಕೆ. ಸಾಂತಾಕ್ರೂಜಿನಿಂದ ಹವಾಮಾನ ಇಲಾಖೆಯವರು ಬೆಳಿಗ್ಗೆ ಸಂಜೆ ಬಲೂನು ಬಿಟ್ಟು ಎತ್ತರದ ಪದರಗಳನ್ನು ಅಳೆಯುತ್ತಾರೆ. ಮೊಣಕಾಲಿನ ಎತ್ತರದ್ದನ್ನು ನೋಡಲು ನಿಮ್ಮ ಕಣ್ಣು ಸಾಕು.

ನೋಡುವುದಾದರೆ ಡಿಸೆಂಬರ್, ಜನವರಿಯಲ್ಲಿ ಬನ್ನಿ. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ, ಮತಲಯಿ ಬೀಸುವಾಗ. ದೋಣಿ ನಾಲ್ಕೈದು ಕಿಲೋಮೀಟರಾದರೂ ದೂರವಿರಲಿ. ಮಕ್ಕಳನ್ನು ಕರೆತಂದರೆ ಒಳ್ಳೆಯದು, ಅವರ ಕಣ್ಣು ನೀರಿಗೆ ಹತ್ತಿರ, ದೊಡ್ಡವರಿಗಿಂತ ಚೆನ್ನಾಗಿ ಕಾಣುತ್ತದೆ. ನಾವಾದರೆ ಕೂರಬೇಕು. ಸಣ್ಣ ದುರ್ಬೀನಿದ್ದರೆ ಇನ್ನೂ ಚೆನ್ನ, ಸೂರ್ಯನತ್ತ ಮಾತ್ರ ಅದನ್ನು ಎತ್ತಬೇಡಿ.

ಆ ಭಾನುವಾರ ನಾನು ಒಂಬತ್ತೂವರೆವರೆಗೆ ಕೂತಿದ್ದೆ. ಬಿಸಿಲೇರಿ ಗಾಳಿ ಬೆಚ್ಚಗಾದಂತೆ ದೋಣಿಯಡಿಯ ಬೆಳ್ಳನೆ ಪಟ್ಟಿ ಸಣ್ಣದಾಗುತ್ತ, ಅಲ್ಲಲ್ಲಿ ತುಂಡಾಗುತ್ತ, ಕಡೆಗೆ ಅಳಿಸಿಹೋಯಿತು. ದೋಣಿ ನೀರಿನ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಮೂತಿ ನಮ್ಮ ಕಡೆ ತಿರುಗಿಸಿ ದಡಕ್ಕೆ ಬಂತು. ಬುಟ್ಟಿ ಹಿಡಿದ ಕೋಳಿ ಸಮುದಾಯದ ಹೆಂಗಸರು ಸೀರೆಯ ಕಚ್ಚೆ ಬಿಗಿದು ಮೊಣಕಾಲುದ್ದ ನೀರಿಗಿಳಿದರು. ದೋಣಿಯ ಯಜಮಾನ ನಾಖವಾನನ್ನು ಮರಾಠಿಯಲ್ಲಿ ಕೇಳಿದೆ: ಅಲ್ಲಿಂದ ನಮ್ಮ ದಡ ಹೇಗೆ ಕಾಣುತ್ತಿತ್ತು? ಆತ ಬೊಂಬಿಲ್ ಸುರಿಯುತ್ತಲೇ ಅಂದ: "ಬೆಳಿಗ್ಗೆ ನಿಮ್ಮ ದಡದ ತಾಡದ ಮರಗಳಿಗೆ ಬುಡ ಇರಲಿಲ್ಲ, ಕಾಕಾ."